ಮಾತ್ರೆಗೆ ಮೊದಲು

ಬಾಗಿಲು ಮತ್ತೆ ಬಡಿದಾಗಲೂ ಮಗಳಿಗೆ ಏಳಲಾಗಲಿಲ್ಲ. ನಾಲ್ಕು ಹನಿ ಮೂತ್ರ ಇಳಿಯುವಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು. ಉರಿ, ಅದರ ಬೆನ್ನಿಗೇ ಸಣ್ಣಗೆ ಚಳಿ. ಅಮ್ಮನಿಗೂ ಹೀಗೇ ಶುರುವಾಗಿತ್ತು.

"ಅಳೋದಿದ್ರೆ ಹೊರಗೆ ಬಂದು ಅಳಮ್ಮ, ನಿಮ್ಮಮ್ಮನ್ನ ಒಯ್ಯೋ ಗಾಡಿ ಬಂತು," ಎಂದರು ಸೋದರಮಾವ. ಅವರ ಹಿಂದೆ ಇನ್ನೂ ಇಬ್ಬರು ಕಾಯುತ್ತಿದ್ದರು. ಸಾವಿನ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬೇಡಿಕೆ ಕಕ್ಕಸಿಗೇ.

ಅವಳು ಹೊರಬಂದ ರೀತಿ ನೋಡಿಯೇ ಕಾಜಾ ಅಕ್ಕನಿಗೆ ಅರ್ಥವಾಯಿತು. ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿಯ ಕಾಜಾ ಹಾಕುವ ಕೆಲಸ ಅವಳದು. ಅಮ್ಮ ಮತ್ತು ಮಗಳು ಹೊಲಿಯುತ್ತಿದ್ದದ್ದು ಅವಳ ಪಕ್ಕದ ಮಷೀನುಗಳಲ್ಲಿ. ಹುಡುಗಿಯನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಅಂಗೈಯಲ್ಲಿ ಎರಡು ಮಾತ್ರೆ ಇಟ್ಟಳು.

"ನುಂಗು. ಇವತ್ತೊಂದಿನ ತಳ್ಳು. ಸ್ಮಶಾನದಲ್ಲಿ ಎಲ್ಲಿಗೆ ಹೋಗ್ತೀಯ?"

"ಯಾರ ಮಾತ್ರೆ ಇದು?"

"ಯಾರದು ಅಂತ ಬೇರೆ ಕೇಳ್ತೀಯಲ್ಲ. ನಿಮ್ಮಮ್ಮಂದೇ."

*

ಕಾರ್ಖಾನೆಯಲ್ಲಿ ಅಮ್ಮನನ್ನು ಎಲ್ಲರೂ ಕರೆಯುತ್ತಿದ್ದದ್ದು ಮಾತ್ರೆ ಅಕ್ಕ ಎಂದೇ. ಟಾಯ್ಲೆಟ್ಟಿನ ಬೀಗದ ಕೈ ಸೂಪರ್‌ವೈಸರನ ಜೇಬಿನಲ್ಲಿರುತ್ತಿತ್ತು. ಕೇಳಿದರೆ, "ಈಗ ತಾನೇ ಹೋಗಿದ್ಯಲ್ಲ, ಒಳಗೇನು ನಲ್ಲಿ ಇಟ್ಕೊಂಡಿದ್ದೀಯ?" ಎಂದು ಇಡೀ ಸಾಲಿಗೆ ಕೇಳುವಂತೆ ಹೇಳುವ ಮಹಾನುಭಾವ. ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟರು. ಬಂದದ್ದನ್ನು ಹಲ್ಲು ಕಚ್ಚಿ ತಡೆದುಕೊಂಡರು. ಒಬ್ಬಳ ಉರಿ ಮುಗಿಯುವಷ್ಟರಲ್ಲಿ ಇನ್ನೊಬ್ಬಳದು ಶುರು.

ಡಾಕ್ಟರು ಒಬ್ಬಳಿಗೆ ಬರೆದುಕೊಟ್ಟ ಮಾತ್ರೆ ಸಾಲಿಗೆಲ್ಲ ಆಗುತ್ತಿತ್ತು. "ಉರಿ ನಿಂತ್ಮೇಲೆ ಯಾಕೆ ನುಂಗ್ಬೇಕು? ಇನ್ನೊಬ್ಬಳಿಗಾಗ್ಲಿ," ಎಂದು ಮಿಕ್ಕದ್ದನ್ನು ಅಮ್ಮ ಊಟದ ಚೀಲದಲ್ಲಿ ಜೋಪಾನ ಮಾಡುತ್ತಿದ್ದಳು. ಕೇಳಿದವರಿಗೆ ಇಲ್ಲ ಎಂದವಳಲ್ಲ. ಮಗಳಿಗೆ ಆಗ ಅದೊಂದು ಹೆಮ್ಮೆ.

*

ಅಮ್ಮನಿಗೆ ಉರಿ ಬಿಡದೇ ಹೋದಾಗ ಲ್ಯಾಬಿನಲ್ಲಿ ಮೂತ್ರ ಕೊಟ್ಟು ಬಂದಳು. ಅಲ್ಲಿ ಒದ್ದಾಡುವಂತಾಗಬಾರದೆಂದು ಮೊದಲೇ ಮಾತ್ರೆ ನುಂಗಿ ಹೋಗಿದ್ದಳು. ಕ್ರಿಮಿ ಬೆಳೆಯಲಿಲ್ಲ ಎಂದು ವರದಿ ಬಂತು. "ನೋಡ್ದ್ಯಾ, ನಂಗೇನೂ ಇಲ್ಲ," ಎಂದು ಮರುದಿನವೇ ಮಷೀನಿನ ಮುಂದೆ ಕೂತಳು. ಆಮೇಲೆ ಬೆನ್ನು ಹಿಡಿಯಿತು, ಜ್ವರ ಏರಿತು, ಮಾತು ತೊದಲಿತು.

ಆಸ್ಪತ್ರೆಯಲ್ಲಿ ಮತ್ತೆ ಪರೀಕ್ಷಿಸಿದಾಗ ಕ್ರಿಮಿ ಸಿಕ್ಕಿತು.

"ಪ್ರತಿ ಸಲ ಅರ್ಧಂಬರ್ಧ ಹೊಡೆದು ಬಿಟ್ಟಿದ್ದೀರಿ," ಎಂದರು ಡಾಕ್ಟರಮ್ಮ. "ಬದುಕಿ ಉಳಿದದ್ದು ಈಗ ಯಾವ ಮಾತ್ರೆಗೂ ಜಗ್ಗಲ್ಲ. ಇರೋದು ಒಂದೇ ಇಂಜೆಕ್ಷನ್, ಅದನ್ನೇ ಕೊಡ್ತಿದ್ದೀವಿ. ಆದ್ರೆ ರಕ್ತಕ್ಕೆ ಸೇರಿಬಿಟ್ಟಿದೆ."

"ಮೊದಲ ಸಲ ಏನೂ ಇಲ್ಲ ಅಂದಿದ್ರಲ್ಲ?"

"ಮಾತ್ರೆ ನುಂಗಿ ಕೊಟ್ರೆ ಎಷ್ಟೋ ಸಲ ಸಿಗಲ್ಲಮ್ಮ. ಸತ್ತಿರಲ್ಲ, ತಲೆ ತಗ್ಗಿಸಿ ಕೂತಿರುತ್ತೆ. ಮೊದಲು ಮೂತ್ರ, ಆಮೇಲೆ ಮಾತ್ರೆ."

ಡಾಕ್ಟರಮ್ಮ ಹೋದ ಮೇಲೆ ಅಮ್ಮ ಕಣ್ಣು ತೆರೆದಳು. "ಚೀಲದಲ್ಲಿ ಇನ್ನೊಂದಿಷ್ಟಿವೆ. ಕಾಜಾಗೆ ಕೊಡು. ಅವಳಿಗೂ ಶುರುವಾಗಿದೆ." ಅದೇ ಅವಳ ಕೊನೆಯ ಮಾತು. ಕೊನೆಯ ಮಾತನ್ನು ಮಗಳು ಹೇಗೆ ಮೀರುತ್ತಾಳೆ? ಕೊಟ್ಟಳು.

*

ಗಾಡಿಯಲ್ಲಿ ಅಮ್ಮನಿದ್ದ ಪೆಟ್ಟಿಗೆಯ ಎರಡೂ ಬದಿಗೆ ಕಾರ್ಖಾನೆಯ ಹೆಂಗಸರು ಕೂತಿದ್ದರು. ಮಾವ ಮುಂದೆ, ಡ್ರೈವರನ ಪಕ್ಕ. ಗಾಡಿ ಕುಲುಕಿದಾಗಲೆಲ್ಲ ಮಗಳ ಕಿಬ್ಬೊಟ್ಟೆಯಲ್ಲಿ ಚುಚ್ಚುತ್ತಿತ್ತು. ಮುಷ್ಟಿಯಲ್ಲಿ ಮಾತ್ರೆಗಳು ಬೆವೆತಿದ್ದವು. ಅವಳಿಗೆ ಹೆದರಿಕೆಯಾಗಿತ್ತು. ಅಮ್ಮ ಹೋದ ದುಃಖಕ್ಕಿಂತ ತಾನು ಹೋಗುವ ಹೆದರಿಕೆಯೇ ದೊಡ್ಡದಾಗಿತ್ತು, ಅದಕ್ಕೆ ನಾಚಿಕೆಯೂ ಆಗುತ್ತಿತ್ತು.

ಲ್ಯಾಬಿನ ಬೋರ್ಡು ಕಂಡಿತು.

"ಮಾವ, ಗಾಡಿ ನಿಲ್ಲಿಸಿ. ಮೂತ್ರ ಪರೀಕ್ಷೆಗೆ ಕೊಡ್ಬೇಕು."

"ತಲೆಗಿಲೆ ಕೆಟ್ಟಿದ್ಯಾ?" ಎಂದರು ಮಾವ. "ಹೆತ್ತವಳ ಹೆಣ ಮುಂದಿಟ್ಕೊಂಡು ಇದೇನು ಮಾತು? ನಾಳೆ ಕೊಟ್ರಾಯ್ತು."

"ನಾಳೆವರೆಗೂ ತಡ್ಕೊಳ್ಳೋಕಾಗಲ್ಲ ಮಾವ. ಸಂಜೆಯೊಳಗೆ ನುಂಗಿಬಿಡ್ತೀನಿ. ನುಂಗಿದ್ಮೇಲೆ ಪರೀಕ್ಷೇಲಿ ಸಿಗಲ್ಲ, ಅಮ್ಮನ ದಾರೀನೇ."

ಮಾವ ಏನೋ ಹೇಳಲು ಹೊರಟರು. ಅಷ್ಟರಲ್ಲಿ ಡ್ರೈವರ್ ಗಾಡಿಯನ್ನು ರಸ್ತೆ ಪಕ್ಕಕ್ಕೆ ತಂದಾಗಿತ್ತು. "ಹೋಗ್ಬನ್ನಿ," ಎಂದ. "ಮಲಗಿರೋರಿಗಂತೂ ಆತುರ ಇಲ್ಲ."

ಮಗಳು ಇಳಿದಳು. ಇಸ್ತ್ರಿ ಹಾಕುವವಳು ಎದ್ದು ಹಿಂದೆ ಬಂದಳು. ಕಾಲರ್ ಹೊಲಿಯುವವಳೂ "ನಂದೂ ಕೊಡ್ತೀನಿ" ಎಂದು ಸೆರಗು ಬಿಗಿದುಕೊಂಡು ಇಳಿದಳು. ಮಾವ ಮುಖ ತಿರುಗಿಸಿದರು.

"ನೀನೂ ಬಾ ಅಕ್ಕಾ," ಎಂದು ಮಗಳು ಒಳಕ್ಕೆ ಕೈ ಚಾಚಿದಳು.

ಕಾಜಾ ಅಕ್ಕ ಏಳಲಿಲ್ಲ.

"ನಾನು ಬೆಳಗ್ಗೇನೇ ನುಂಗಿಬಿಟ್ಟೆ ಕಣೇ," ಎಂದಳು. ಖಾಲಿಯಾದ ಬೆಂಚಿನ ಮೇಲೆ ಮೆಲ್ಲಗೆ ಸರಿಯುತ್ತಾ ಪೆಟ್ಟಿಗೆಯ ತಲೆಯ ಹತ್ತಿರ ಹೋಗಿ ಕೂತಳು.