ಎರಡು ನಿಮಿಷ ಮೀರಬಾರದು

"ಹಿಂದಕ್ಕೆ, ಇನ್ನೂ ಹಿಂದಕ್ಕೆ ತಗೊಳ್ಳಿ" ಎಂದು ಬಿಳಿ ಕೈಗವಸಿನ ಮುದುಕ ಕೈಬೀಸಿದ. ಡೇಲ್ ಹಕಬಿ ಸ್ಟಿಯರಿಂಗ್ ತಿರುಗಿಸಿ ಟ್ರಕ್ಕನ್ನು ಚರ್ಚಿನ ಹಿತ್ತಿಲಿನ ಕಸದ ತೊಟ್ಟಿಯ ಪಕ್ಕಕ್ಕೆ ಸೇರಿಸಿದ. ಇಪ್ಪತ್ತಾರು ವರ್ಷದಿಂದ ಈ ಊರಿಗೆ ಫುಟ್‌ಬಾಲ್ ನೋಡಲು ಬರುತ್ತಿದ್ದವನಿಗೆ ಇಲ್ಲಿ ಗಾಡಿ ನಿಲ್ಲಿಸಲು ಜಾಗ ಹುಡುಕಿ ಅಭ್ಯಾಸವಿರಲಿಲ್ಲ. ಪಂದ್ಯದ ಶನಿವಾರಗಳಂದು ಮಿಸ್ ಲೂವೀನಿಯ ತನ್ನ ಅಂಗಳದ ಪೀಕನ್ ಮರದ ಕೆಳಗೆ ಒಂದು ಮುರುಕು ಕುರ್ಚಿ ಹಾಕಿ ಅವನ ಜಾಗ ಕಾದಿಡುತ್ತಿದ್ದಳು. ಇವತ್ತು ಆಕೆಯನ್ನೇ ಮಣ್ಣು ಮಾಡುವ ದಿನ.

ಪಕ್ಕದಲ್ಲಿದ್ದ ಗೆಳೆಯ ರಾಯ್ಸ್ ಗಡಿಯಾರ ನೋಡಿಕೊಂಡ. "ಈಗ ಒಂದು ಗಂಟೆ. ಎರಡೂವರೆಗೆ ಆಟ ಶುರು. ಅಷ್ಟರಲ್ಲಿ ಮುಗಿಯುತ್ತಾ ಇದು?"

"ಇವರಲ್ಲಿ ಹಾಡೇ ಒಂದು ಗಂಟೆ ಹಾಡ್ತಾರೆ ಕಣೋ."

"ಹಾಗಾದ್ರೆ ಮೊದಲ ಅರ್ಧ ಹೋಯ್ತು ಬಿಡು. ಹೋದ್ರೆ ಹೋಗ್ಲಿ. ಬ್ರಿಗ್ಸ್ ಮಂಡಿ ಮುರ್ಕೊಂಡ ಮೇಲೆ ಚೆಂಡು ಎಸೆಯೋರೇ ಇಲ್ಲ, ನೋಡೋಕೆ ಏನಿದೆ."

"ಆ ಎಡಚ ಹುಡುಗ ಇದಾನಲ್ಲ."

"ಅವನಾ? ಅವನು ಚೆಂಡು ಎಸೆದ್ರೆ ನಮ್ಮೋರನ್ನ ಬಿಟ್ಟು ಊರಿಗೆಲ್ಲ ಸಿಗುತ್ತೆ." ರಾಯ್ಸ್ ಟೈ ಬಿಗಿ ಮಾಡಿಕೊಂಡ. ಅದು ಕ್ಯಾಲವೇ ಕಾಲೇಜು ತಂಡದ ಕೆಂಪು ಬಣ್ಣದ್ದು; ಬೇರೆ ಟೈ ಅವನಲ್ಲಿರಲಿಲ್ಲ. "ನಾಲ್ಕು ಗೆದ್ದಿದೀವಿ, ಎರಡು ಸೋತಿದೀವಿ. ಇವತ್ತು ಡಾಸನ್ ತಂಡಾನ ಅವರ ಊರಲ್ಲೇ ಹೊಡೆದ್ರೆ ಉಸಿರಿರುತ್ತೆ. ಮುಂದಿನ ಶನಿವಾರ ಇಲ್ಲೇ, ಟೆಕ್ ಕಾಲೇಜಿನ ಮೇಲೆ. ಅದು ಆಟ ಅಂದ್ರೆ." ಆಮೇಲೆ ದನಿ ತಗ್ಗಿಸಿದ. "ಅವತ್ತು ಗಾಡಿ ಎಲ್ಲಿ ನಿಲ್ಲಿಸ್ತೀಯ?"

ಡೇಲ್ ಕೀ ತೆಗೆದು ಜೇಬಿಗೆ ಹಾಕಿಕೊಂಡ.

"ಆಕೆ ತಮ್ಮನ ಮಗಳು ಇದಾಳಲ್ಲ, ಡೆಲೋರಿಸ್. ಇವತ್ತೇ ಒಂದು ಮಾತು ಹಾಕಿಡು. ಬೇರೆ ಯಾರಾದ್ರೂ ಕೇಳಿಬಿಟ್ರೆ ಹೋಯ್ತು ಅಂಗಳ."

"ಸಾವಿನ ಮನೇಲಾ?"

"ಮೆತ್ತಗೆ ಕೇಳು."

ಬಾಗಿಲಲ್ಲಿ ಒಬ್ಬಾಕೆ ಇಬ್ಬರ ಕೈಗೂ ಅಂತ್ಯಕ್ರಿಯೆಯ ಕಾರ್ಯಕ್ರಮದ ಪುಸ್ತಿಕೆ ಕೊಟ್ಟಳು. ನಾಲ್ಕು ಪುಟ. ಮೊದಲ ಪುಟದಲ್ಲಿ ಹಳದಿ ಟೋಪಿ ತೊಟ್ಟು ನಗುತ್ತಿರುವ ಲೂವೀನಿಯ ಹಾರ್ಡಿ. ಇಂಥ ಟೋಪಿಯಾಗಲಿ, ಇಂಥ ನಗುವಾಗಲಿ ಡೇಲ್ ಕಂಡಿದ್ದಿಲ್ಲ. ಎರಡನೇ ಪುಟದಲ್ಲಿ ಆಕೆಯ ಬದುಕು ಹನ್ನೊಂದು ಸಾಲಿನಲ್ಲಿತ್ತು: ಕಾಲೇಜಿನ ಆಟಗಾರರ ಊಟದ ಮನೆಯಲ್ಲಿ ಮೂವತ್ತೊಂದು ವರ್ಷ ದುಡಿಮೆ. ಅವನು ಯಾರ ಹೆಸರಿಗೆ ಗಂಟಲು ಹರಿದುಕೊಳ್ಳುತ್ತಿದ್ದನೋ ಅವರಿಗೆಲ್ಲ ಬಡಿಸಿದವಳು ಇವಳು. ಅದು ಅವನಿಗೆ ಗೊತ್ತಾಗಿದ್ದು ಈಗ.

ಮೂರನೇ ಪುಟದ ನಡುವೆ, 'ಆಪ್ತರ ಮಾತು. ಎರಡು ನಿಮಿಷ ಮೀರಬಾರದು' ಎಂಬ ಸಾಲಿನ ಕೆಳಗೆ ಎರಡು ಹೆಸರಿದ್ದವು. ಅಮೋಸ್ ಹಾರ್ಡಿ, ತಮ್ಮ. ಡೇಲ್ ಹಕಬಿ, ಗೆಳೆಯ.

ರಾಯ್ಸ್ ಮೂಗಿನಲ್ಲೇ ನಕ್ಕ. "ಗೆಳೆಯನಂತೆ. ಏನಪ್ಪ ಹೇಳ್ತೀಯ?"

ಏನು ಹೇಳುವುದು? ಆಕೆಗೆ ಮದುವೆಯಾಗಿತ್ತೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಮನೆಯೊಳಗಿನ ಗೋಡೆಯ ಬಣ್ಣ ಗೊತ್ತಿರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆಲ್ಲ ಅಂಗಳದಲ್ಲಿ ಇವರ ಕೆಂಡದ ಒಲೆ ಹೊತ್ತುತ್ತಿತ್ತು. ಹಂದಿಯ ಪಕ್ಕೆಲುಬು, ಬಿಯರು, ಹೋದ ವಾರದ ಸೋಲಿನ ಪೋಸ್ಟ್‌ಮಾರ್ಟಂ. ಮಧ್ಯಾಹ್ನ ಒಂದು ತಟ್ಟೆಗೆ ಬಡಿಸಿ, ಬೆಳ್ಳಿಹಾಳೆ ಮುಚ್ಚಿ, ಜಗಲಿಗೆ ಕಳಿಸುತ್ತಿದ್ದರು. ಇಪ್ಪತ್ತಾರು ವರ್ಷ ತಟ್ಟೆ ಮೆಟ್ಟಿಲು ಹತ್ತಿ ಹೋಯಿತು. ಇಳಿದು ಬಾ, ನಮ್ಮ ಜೊತೆ ಕೂತು ತಿನ್ನು ಎಂದು ಒಬ್ಬನೂ ಕರೆಯಲಿಲ್ಲ.

ಗೊತ್ತಿದ್ದುದು ಒಂದೇ ಒಂದು ದಿನದ ಸಂಗತಿ. ಅದನ್ನು ಹೇಳುವ ಹಾಗಿರಲಿಲ್ಲ.

*

ಹನ್ನೆರಡು ವರ್ಷದ ಹಿಂದಿನ ನವೆಂಬರ್. ಡೇಲ್ ಖಾಲಿ ತಟ್ಟೆ ಇಸಿದುಕೊಳ್ಳಲು ಜಗಲಿಯ ಹತ್ತಿರ ಹೋಗಿದ್ದ.

"ಏನಪ್ಪ ಡೇಲ್, ಗ್ಲೆಂಡ ಕಾಣ್ತಿಲ್ಲ?"

"ಹಲ್ಲುನೋವು, ಮಿಸ್ ಲೂವೀನಿಯ. ಮನೇಲೇ ಉಳಿದ್ಲು."

"ಪಾಪ." ಆಕೆ ಮಡಿಲಿನ ಚೂರುಗಳನ್ನು ಕೊಡವಿದಳು. "ಹಾಗಾದ್ರೆ ಒಂದು ಟಿಕೆಟ್ ಮಿಕ್ಕಿರಬೇಕು. ನಿಮ್ಮ ಜಾಗ ಪೂರ್ವದ ಕಡೆ ತಾನೆ? ನಾನು ಒಂದ್ಸಲಾನೂ ಒಳಗೆ ಹೋಗಿಲ್ಲ ಕಣಪ್ಪ. ಕರ್ಕೊಂಡು ಹೋಗ್ತೀಯಾ?"

ಬೆನ್ನ ಹಿಂದೆ ರಾಯ್ಸ್ ಇದ್ದ, ರಾಯ್ಸನ ಭಾವಮೈದುನ ಇದ್ದ. ಆ ಸಾಲಿನಲ್ಲಿ ತನ್ನ ಹೆಂಡತಿಯ ಜಾಗದಲ್ಲಿ ಈ ಕಪ್ಪು ಮುದುಕಿ ಕೂತರೆ ಅವರೇನು ಹೇಳಿಯಾರು ಎಂದು ಅವನು ಯೋಚಿಸಲೂ ಇಲ್ಲ. ಯೋಚನೆಗಿಂತ ಮೊದಲೇ ಬಾಯಿ ಹೇಳಿತ್ತು.

"ಅಯ್ಯೋ, ಆಗಲೇ ಬೇರೆಯವರಿಗೆ ಕೊಟ್ಬಿಟ್ನಲ್ಲ."

ಆಕೆಯ ಕಣ್ಣು ಅವನ ಅಂಗಿಯ ಜೇಬಿನ ಮೇಲೆ ಒಂದು ಕ್ಷಣ ನಿಂತಿತು. ಎರಡು ಟಿಕೆಟ್ಟುಗಳ ಕೆಂಪು ತುದಿ ಅಲ್ಲಿ ಹೊರಗೆ ಇಣುಕುತ್ತಿತ್ತು.

"ಹೋಗಲಿ ಬಿಡಪ್ಪ. ಮೋಡ ಆಗಿದೆ. ಕೋಟು ತಗೊಂಡು ಹೋಗು."

ಅವನು ಕೋಟು ತೆಗೆದುಕೊಂಡು ಹೋದ. ಗ್ಲೆಂಡಳ ಕುರ್ಚಿಯ ಮೇಲೆ ಅದನ್ನು ಹಾಸಿದ. ಯಾರೋ ಬಂದು "ಇಲ್ಲಿ ಜನ ಇದಾರಾ?" ಎಂದು ಕೇಳಿದಾಗ "ಇದಾರೆ" ಎಂದ. ನಾಲ್ಕು ಗಂಟೆ ಹೊತ್ತು ಕೋಟು ಆಟ ನೋಡಿತು. ಮಳೆ ಬರಲಿಲ್ಲ.

ಸಂಜೆ ಎಲ್ಲರೂ ಟ್ರಕ್ ಹತ್ತಿದ ಮೇಲೆ ಅವನೊಬ್ಬ ವಾಪಸು ನಡೆದು ಕೆಳಗಿನ ಮೆಟ್ಟಿಲ ಮೇಲೆ ಕಾಲಿಟ್ಟ. "ಮಿಸ್ ಲೂವೀನಿಯ, ನಾನು..." ಎಂದ. ರಾಯ್ಸ್ ಹಾರ್ನ್ ಹೊಡೆದ.

"ಗೆದ್ರಾ?" ಆಕೆ ಕೇಳಿದಳು.

"ಗೆದ್ವಿ. ಇಪ್ಪತ್ನಾಲ್ಕು, ಇಪ್ಪತ್ತೊಂದು."

"ಒಳ್ಳೇದಾಯ್ತು."

*

ಅಮೋಸ್ ಹಾರ್ಡಿ ಕೋಲೂರಿ ಎದ್ದು ನಿಂತ. ಎಂಬತ್ತು ದಾಟಿದವನು. ಅಕ್ಕನ ಪೆಟ್ಟಿಗೆಯ ಕಡೆಗೊಮ್ಮೆ, ಜನರ ಕಡೆಗೊಮ್ಮೆ ನೋಡಿದ.

"ನಾವು ಹುಟ್ಟಿದ್ದು ಬೆಥೆಲ್ ಕೇರೀಲಿ. ಇಲ್ಲಿರೋ ಚಿಕ್ಕೋರಿಗೆ ಆ ಹೆಸರು ಗೊತ್ತಿಲ್ಲ."

"ಹೇಳು ಅಣ್ಣ" ಎಂದು ಯಾರೋ ದನಿ ಕೊಟ್ಟರು.

"ಅರವತ್ತಾರನೇ ಇಸವಿ. ಕಾಲೇಜಿನೋರು ಬಂದ್ರು. ಮೈದಾನದ ಪೂರ್ವದ ಕಡೆ ಜನ ಕೂರೋಕೆ ಜಾಗ ಸಾಲದು ಅಂದ್ರು. ನಲವತ್ತೊಂದು ಮನೆ. ಕೋರ್ಟಿನ ಕಾಗದ ತೋರಿಸಿದ್ರು, ಬುಲ್ಡೋಜರ್ ತಂದ್ರು. ಅವ್ವ ರೊಟ್ಟಿ ಬೇಯಿಸ್ತಿದ್ಲು. ನಮ್ಮನ್ನ ಹೊರಗೆ ಹಾಕ್ದಾಗ ಒಲೆ ಇನ್ನೂ ಬಿಸಿ ಇತ್ತು."

"ಇತ್ತು, ಇತ್ತು."

"ಅಕ್ಕ ಹೇಳೋಳು, 'ಅಮೋಸ, ಸಾಯೋದ್ರೊಳಗೆ ಅಲ್ಲಿ ಒಂದ್ಸಲ ಕೂತು ಬರ್ಬೇಕು ಕಣೋ. ಆಟ ನೋಡೋಕಲ್ಲ. ಅವ್ವನ ಅಡುಗೆಮನೆ ಈಗ ಎಷ್ಟು ಎತ್ತರದಲ್ಲಿದೆ ನೋಡೋಕೆ.' ಟಿಕೆಟ್ ತಗೊಂಡು ಹೋಗೇ ಅಂದ್ರೆ, 'ನನ್ನ ಮನೆಗೆ ನಾನು ದುಡ್ಡು ಕೊಟ್ಟು ಹೋಗ್ಲಾ? ಯಾರಾದ್ರೂ ಕರೀಲಿ, ಹೋಗ್ತೀನಿ' ಅನ್ನೋಳು."

ಜನ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. ಡೇಲ್ ನಗಲಿಲ್ಲ. ಒಂದು ಕೇರಿಯನ್ನು ಅಳಿಸಿ ಅದರ ಎದೆಯ ಮೇಲೆ ಜೈಕಾರ ಹಾಕಲು ಹದಿನೆಂಟು ಸಾವಿರ ಜನಕ್ಕೆ ಮೆಟ್ಟಿಲು ಕಟ್ಟಿದ್ದರು; ಅದರಲ್ಲಿ ಎರಡು ಕುರ್ಚಿ ಅವನವು. ಒಂದರ ಮೇಲೆ ಕೋಟು ಹಾಸಿದ್ದ.

ರಾಯ್ಸ್ ಕಿವಿಗೆ ಸಿಕ್ಕಿಸಿಕೊಂಡಿದ್ದ ಇಯರ್‌ಫೋನಿನ ಗುಂಡಿಯನ್ನು ಬೆರಳಿಂದ ಒತ್ತಿ ಹಿಡಿದು ಪಿಸುಗುಟ್ಟಿದ. "ಶುರುವಾಯ್ತು. ಆಗಲೇ ಏಳು–ಸೊನ್ನೆ."

"ಯಾರು?"

"ಅವರು."

ಪಾದ್ರಿ ಹೆಸರು ಕರೆದರು. "ಸೋದರ ಡೇಲ್ ಹಕಬಿ."

ಅವನು ಮುಂದೆ ಹೋಗಿ ನಿಂತ. ಇಷ್ಟು ಕಪ್ಪು ಮುಖಗಳು ಒಟ್ಟಿಗೆ ತನ್ನನ್ನು ನೋಡುವುದು ಅವನಿಗೆ ಹೊಸದು. ಕಾಗದದ ಬೀಸಣಿಗೆಗಳು ನಿಂತವು.

"ಮಿಸ್ ಲೂವೀನಿಯ..." ಎಂದ. ಕೈಯಲ್ಲಿದ್ದ ಪುಸ್ತಿಕೆಯನ್ನು ಸುರುಳಿ ಸುತ್ತಿದ.

"ನಿಧಾನಕ್ಕೆ ಹೇಳಪ್ಪ" ಮುಂದಿನ ಸಾಲಿನ ಹೆಂಗಸೊಬ್ಬಳು ಹೇಳಿದಳು.

"ಒಂದು ದಿನ..."

"ಹೇಳು, ಹೇಳು. ನಾವಿದೀವಿ."

ಅಮೋಸ್ ತಲೆಯೆತ್ತಿ ನೋಡಿದ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಲ್ಲಿಂದ ಹೊರಕ್ಕೆ ಒಂದು ಉಸಿರಿನ ದೂರ. ಕೊನೆಯ ಬೆಂಚಿನಲ್ಲಿ ಕೆಂಪು ಟೈ ಕಾಣುತ್ತಿತ್ತು. ರಾಯ್ಸ್ ಈಗ ಫೋನು ನೋಡುತ್ತಿರಲಿಲ್ಲ, ಇವನನ್ನೇ ನೋಡುತ್ತಿದ್ದ.

"ಒಂದು ದಿನಾನೂ ನಮ್ಮ ಜಾಗ ಬೇರೆಯವರಿಗೆ ಬಿಟ್ಟುಕೊಟ್ಟೋರಲ್ಲ ಅವರು" ಎಂದ ಡೇಲ್. "ನಮ್ಮ ತಂಡಕ್ಕೆ ಅವರಿಗಿಂತ ದೊಡ್ಡ ಅಭಿಮಾನಿ ಇರಲಿಲ್ಲ. ಅಷ್ಟೇ."

"ಆಮೆನ್" ಎಂದರು ಜನ, ಅತಿಥಿಗೆ ಎಷ್ಟು ಹೇಳಬೇಕೋ ಅಷ್ಟು. ಬೀಸಣಿಗೆಗಳು ಮತ್ತೆ ಆಡತೊಡಗಿದವು. ಅವನ ಮಾತಿಗೆ ಅರ್ಧ ನಿಮಿಷವೂ ಹಿಡಿದಿರಲಿಲ್ಲ. ಮಿಕ್ಕ ಹೊತ್ತನ್ನು ಆರ್ಗನ್ ನುಡಿಸುವವನು ತುಂಬಿಸಿದ.

*

ಮಣ್ಣು ಕೊಟ್ಟು ಎಲ್ಲರೂ ಊಟಕ್ಕೆಂದು ಚರ್ಚಿಗೆ ಮರಳಿದಾಗ ರಾಯ್ಸ್ ಟ್ರಕ್ಕಿನ ಬಾಗಿಲು ತೆರೆದು ನಿಂತಿದ್ದ. "ಎರಡನೇ ಅರ್ಧ ನಡೀತಿದೆ, ಬಾರೋ. ಕೀ ಕೊಡು, ನಾನೇ ಓಡಿಸ್ತೀನಿ. ಕೇಳಿದ್ಯಾ ಅಂಗಳದ ವಿಷಯ?"

ಡೇಲ್ ಉತ್ತರ ಕೊಡುವ ಮೊದಲೇ ಡೆಲೋರಿಸ್ ಹಿತ್ತಿಲ ಬಾಗಿಲಿಂದ ಬಂದಳು. ಅಮೋಸನ ಮಗಳು, ಐವತ್ತರ ಹೆಂಗಸು. ಕೈಯಲ್ಲಿ ಒಂದು ತಟ್ಟೆ, ಅದರ ಮೇಲೆ ಬೆಳ್ಳಿಹಾಳೆ.

"ನೀವು ನಿಲ್ಲೋದಿಲ್ಲವಂತೆ. ಹೊರಟೋರನ್ನ ಬರಿಗೈಲಿ ಕಳಿಸಲ್ಲ ನಾವು."

"ಬಹಳ ಉಪಕಾರ" ಎಂದು ರಾಯ್ಸ್ ಬಗ್ಗಿದ. "ಮತ್ತೆ, ಮುಂದಿನ ಶನಿವಾರ, ಅದೇ..."

"ಕುರ್ಚಿ ಹಾಕಿರ್ತೀನಿ. ಬನ್ನಿ."

ರಾಯ್ಸ್ ಸಮಾಧಾನದಿಂದ ಗಾಡಿ ಹತ್ತಿದ. ಡೇಲ್ ತಟ್ಟೆ ಹಿಡಿದು ಅಲ್ಲೇ ನಿಂತ.

"ನನ್ನ ಹೆಸರು ಯಾಕೆ ಹಾಕಿದ್ರಿ?"

"ಹಾಕಿಸಿದ್ದು ಅತ್ತೆ. ಆಸ್ಪತ್ರೇಲಿ ಮಲಗಿಕೊಂಡೇ ಹೇಳಿ ಬರೆಸಿದ್ರು. ನಾನೂ ಕೇಳ್ದೆ, ಅವನ್ಯಾಕೆ ಅಂತ." ಡೆಲೋರಿಸ್ ಅವನ ಮುಖ ನೋಡುತ್ತ ಹೇಳಿದಳು. "'ಆ ಹುಡುಗ ಒಂದ್ಸಲ ಮೆಟ್ಟಿಲ ತನಕ ಬಂದಿದ್ದ, ಏನೋ ಹೇಳೋಕೆ. ಹಾರ್ನ್ ಹೊಡೆದ್ರು, ಹೋಗ್ಬಿಟ್ಟ. ಅವನಿಗೂ ಎರಡು ನಿಮಿಷ ಕೊಡೇ' ಅಂದ್ರು."

ಆಕೆ ಇನ್ನೂ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಎದ್ದಿದ್ದ ಹಾಳೆಯ ಅಂಚನ್ನು ಬೆರಳಿಂದ ಒತ್ತಿ ಕೂರಿಸಿ ಒಳಗೆ ಹೋದಳು.

ಟ್ರಕ್ ಹೊರಟಿತು. ರೇಡಿಯೋದಲ್ಲಿ ಗದ್ದಲ. "ಎಸೆದ ನೋಡೋ, ಎಡಚ ಎಸೆದ" ರಾಯ್ಸ್ ಸ್ಟಿಯರಿಂಗ್ ಮೇಲೆ ತಟ್ಟಿದ. "ಇಪ್ಪತ್ತೊಂದು–ಇಪ್ಪತ್ತು. ಹಿಂಗೇ ಆಡಿದ್ರೆ ಟೆಕ್‌ನೂ ಹೊಡೀತೀವಿ. ಲೋ, ಕೇಳ್ತಿದೀಯಾ?"

ದಾರಿ ಕ್ರೀಡಾಂಗಣದ ಪೂರ್ವದ ಗೋಡೆಗೆ ಅಂಟಿಕೊಂಡೇ ಸಾಗುತ್ತದೆ. ಇಳಿಬಿಸಿಲಿಗೆ ಆ ಖಾಲಿ ಸಾಲುಗಳ ನೆರಳು ರಸ್ತೆಯನ್ನು ದಾಟಿ, ಟ್ರಕ್ಕನ್ನು ದಾಟಿ, ಆಚೆ ಬದಿಯ ಮನೆಗಳ ಜಗಲಿಯವರೆಗೆ ಬಿದ್ದಿತ್ತು. ಡೇಲ್ ತೊಡೆಯ ಮೇಲೆ ತಟ್ಟೆ ಹಿಡಿದು ಕೂತಿದ್ದ. ಒಲೆಯಿಂದ ಈಗತಾನೆ ಇಳಿಸಿದ ಹಾಗೆ ಅದು ಪ್ಯಾಂಟಿನ ಬಟ್ಟೆಯನ್ನೂ ದಾಟಿ ಸುಡುತ್ತಿತ್ತು. ಅವನು ಬಿಚ್ಚಿಟ್ಟಿದ್ದ ಕೋಟು ಪಕ್ಕದಲ್ಲೇ ಬಿದ್ದಿತ್ತು. ಅವನು ಅದನ್ನು ಮಡಿಸಿ ತಟ್ಟೆಯ ಕೆಳಗೆ ಇಟ್ಟುಕೊಳ್ಳಲಿಲ್ಲ.