ಬೂದೆಮ್ಮನ ಹದಿನಾಲ್ಕು ಕಿಲೋ

ಮೆಹನಾಜ್ ಸುಳ್ಳು ಬರೆದಿರಲಿಲ್ಲ, ಅದೇ ಆಕಿ ಸಂಕಟ. ಸುಳ್ಳು ಬರೆದಿದ್ದರ ಒರೆಸಿ ಹಾಕಬಹುದಿತ್ತು. ಕಣ್ಣಾರೆ ಕಂಡದ್ದನ್ನ ಬರೀದೇ ಬಿಟ್ಟರ ಏನಂತ ಒರೆಸ್ತೀರಿ?

ರಾಯಚೂರಿನಾಗ ಎಮ್ಮೆಸ್ಸಿ ಸಂಖ್ಯಾಶಾಸ್ತ್ರ ಓದೋ ಹುಡುಗಿ ಆಕಿ. ರಿಗ್ರೆಶನ್ ಪಾಠಕ್ಕ ಒಂದು ಪ್ರೊಜೆಕ್ಟ್ ಮಾಡಬೇಕಾಗಿತ್ತು. ವಯಸ್ಸು ಏರಿದಂಗ ಹತ್ತಿ ಬಿಡಿಸೋದು ಎಷ್ಟು ಇಳೀತದ ಅಂತ ನೋಡಿ, ಚುಕ್ಕಿಗಳ ನಡುವ ಒಂದು ನೇರ ಗೆರಿ ಎಳೀಬೇಕು, ಅಷ್ಟೇ. ಹೊಲ ಹುಡುಕೋ ತ್ರಾಸಿರಲಿಲ್ಲ. ಸೋದರಮಾವ ಹಫೀಜ್ ಮಾನ್ವಿ ಕಡಿ ಲಾವಣಿಗೆ, ಅಂದ್ರ ಗುತ್ತಿಗಿಗೆ, ಹೊಲ ಹಿಡಿದು ಹತ್ತಿ ಬೆಳೀತಿದ್ದ. ದೇವದುರ್ಗದ ಕಡಿಯಿಂದ ಹದಿನೆಂಟು ಹೆಣ್ಣಾಳು ಎರಡು ಟಂಟಂ ಗಾಡಿಯಾಗ ಬರ್ತಿದ್ರು.

ಮೂರು ದಿನ ಮೆಹನಾಜ್ ತಕ್ಕಡಿ ಪಕ್ಕಕ್ಕ ಕುಂತು ಬರಕೊಂಡಳು. ಅರವತ್ನಾಲ್ಕರ ಬೂದೆಮ್ಮನ ಕೈ ಓಡೋದು ನೋಡಿದ್ರ ಹರೇದವರೂ ನಾಚಬೇಕು. ಆದ್ರೂ ಸಂಜಿಗೆ ಆಕಿ ಗಂಟು ತೂಗಿದ್ರ ಹದಿನಾಲ್ಕೇ ಕಿಲೋ! ಯಾಕಂದ್ರ ಪಕ್ಕದ ಸಾಲಿನ್ಯಾಗ ಏಳು ತಿಂಗಳ ಬಸುರಿ ಮಂಜುಳಾ ಇದ್ದಳು. ಬೂದೆಮ್ಮ ತನ್ನ ಉಡಿ ತುಂಬಿದಾಗೊಮ್ಮೆ ಅರ್ಧ ಆಕಿ ಉಡಿಗೆ ಸುರೀತಿದ್ದಳು. ಕಮ್ಮಿ ಬಿಡಿಸಿದವರಿಗೆ ಮುಂದಿನ ವಾರ ಕೂಲಿಗೆ ಕರಿ ಬರ್ತಿರಲಿಲ್ಲ. ಬೂದೆಮ್ಮ ಇಪ್ಪತ್ತು ವರ್ಷದ ಹಳೇ ಆಳು, ಆಕಿ ತೂಕ ಹಫೀಜ್ ಮಾಮು ನೋಡಿಯೂ ನೋಡದಂಗ ಇದ್ದುಬಿಡ್ತಿದ್ದ. ಹಿಂಗಾಗಿ ಮಂಜುಳಾನ ಲೆಕ್ಕ ಮೂವತ್ತೊಂದು ಕಿಲೋ.

ಒಬ್ಬರ ಅಂಕಿ ಇನ್ನೊಬ್ಬರ ಅಂಕಿಗೆ ಅಂಟಿರಬಾರದು, ಅಂಟಿದ್ರ ಗೆರಿ ಕೆಡ್ತದ ಅಂತ ಕ್ಲಾಸಿನ್ಯಾಗ ಕಲ್ತಿದ್ದಳು, ಪರೀಕ್ಷೆಯೊಳಗೂ ಬರೆದಿದ್ದಳು. ಆದ್ರ ಹಾಳಾದ ಫಾರಮ್ಮಿನ್ಯಾಗ ಇದ್ದದ್ದು ಮೂರೇ ಕಾಲಮ್ಮು: ಹೆಸರು, ವಯಸ್ಸು, ಕಿಲೋ. ಕಂಪ್ಯೂಟರಿನ್ಯಾಗ ಬೂದೆಮ್ಮನ ಚುಕ್ಕಿ ತೆಗೆದ್ರ ಗೆರಿ ಚಾಪಿ ಹಾಸಿದಂಗ ಮಲಗ್ತಿತ್ತು. ಇಟ್ರ ಚಂದಾಗಿ ಇಳೀತಿತ್ತು. ಇಟ್ಟಳು.

"ಭೇಷ್! ಗೆರಿ ಅಂದ್ರ ಹಿಂಗಿರಬೇಕವಾ," ಅಂದ್ರು ಪಕೀರಪ್ಪ ಸರ್. ಕ್ಲಾಸಿಗೇ ಹೆಚ್ಚು ಮಾರ್ಕ್ಸು ಆಕಿಗೇ ಬಂತು.

ಆ ಜಂಬದಾಗ ಮಾಮುಗೂ ತೋರಿಸಿದಳು. ಮಾಮುಗೆ ಯಾವ ರಿಗ್ರೆಶನ್ನು! ಆದ್ರ ಕೆಳಗಿಳಿಯೋ ಗೆರಿ ಯಾರಿಗೆ ತಿಳಿಯಂಗಿಲ್ಲ? "ಅಂದ್ರ ಅರವತ್ತು ದಾಟಿದವರನ್ನ ನಾ ಸುಮ್ಮನ ಹೊತ್ಕೊಂಡು ತಿರುಗಾಕತ್ತೀನಿ ಅನ್ನು," ಅಂದ. ಅರವತ್ತು ದಾಟಿದಾಕಿ ಅಲ್ಲಿ ಒಬ್ಬಾಕೀನೇ. ಸೋಮವಾರ ಟಂಟಂ ಬೂದೆಮ್ಮನ ಮುಂದ ನಿಲ್ಲದೇ ಹೋತು.

ಆ ಸುದ್ದಿ ಮೆಹನಾಜ್ ಕಿವಿಗೂ ಬಿತ್ತು. ನಾಲ್ಕು ದಿನ ತಡಕೊಂಡಳು. ಐದನೇ ದಿನ ಮಾನ್ವಿಗೆ ಹೋಗಿ, ಕಂಡದ್ದೆಲ್ಲಾ ಮಾಮು ಮುಂದ ಹೇಳಿಬಿಟ್ಟಳು. ಹೇಳಿದ ಮೇಲೆ ಎದಿ ಹಗುರಾತು.

"ತೋಬಾ ತೋಬಾ, ಪಾಪ ಮುದುಕಿ," ಅಂತ ಮಾಮು ಅಲ್ಲೇ ಡ್ರೈವರ್ ಆಸಿಫ್‌ಗೆ ಫೋನ್ ಹಚ್ಚಿದ. "ನಾಳಿಂದ ಬೂದೆಮ್ಮನ್ನ ಹತ್ತಿಸ್ಕೊಂಡು ಬಾ. ಆ ಬಸುರಿ ಹೆಣ್ಮಗಳು ಬ್ಯಾಡ."

ಮೆಹನಾಜ್ ಮಾಮು ಕೈಯಾಗಿನ ಫೋನ್ ಹಿಡಕೊಂಡಳು. "ಮಾಮು, ನಾ ಹಂಗಂದಿಲ್ಲ!"

"ಲೆಕ್ಕ ನೀನೇ ಹೇಳಿದ್ದಲ್ಲಾ ಬೇಟಿ," ಅಂದ ಮಾಮು. ಎಷ್ಟು ಬೇಡಿಕೊಂಡ್ರೂ ಕೇಳಲಿಲ್ಲ.

ಮರುದಿನ ದೇವದುರ್ಗದ ಬಸ್ಸು ಹತ್ತಿ ಬೂದೆಮ್ಮನ ಊರಿಗೆ ಹೋದಳು. ಮುದುಕಿ ಮನಿ ಮುಂದ ಜ್ವಾಳ ಹಸನು ಮಾಡಾಕತ್ತಿದ್ದಳು. ಟಂಟಂ ಬಂದು ನಿಂತಿತ್ತಂತ, ಮಂಜುಳಾನ ಬಿಡಿಸ್ಯಾರ ಅಂತ ಕೇಳಿ ಆಕಿ ಹತ್ತಿರಲಿಲ್ಲ.

"ಯವ್ವಾ, ತಪ್ಪಾತು," ಅಂತ ಮೆಹನಾಜ್ ಅತ್ತುಬಿಟ್ಟಳು.

ಬೂದೆಮ್ಮ ಬೈಯಲಿಲ್ಲ. ಬೈದಿದ್ರ ಚಲೋ ಇತ್ತು. "ನನ್ನ ಬಿಟ್ಟುಹೋದಾಗ ನಾ ಯಾಕ ಅಂತ ಕೇಳಿದೆನೇನವಾ? ಕೇಳಿದ್ರ ಮಂಜುಳಾನ ಗುಟ್ಟು ಹೊರಬೀಳ್ತದಂತ ಬಾಯಿ ಮುಚ್ಕೊಂಡು ಕುಂತೆ. ನಾ ಇಲ್ಲಂದ್ರೇನು, ಉಳಿದ ಹೆಣ್ಮಕ್ಕಳು ಒಂದೊಂದು ಬೊಗಸಿ ಮಂಜುಳಾಗ ಹಾಕಾಕತ್ತಿದ್ರು. ಆಕಿ ದಿನ ಹೆಂಗೋ ಸಾಗಿದ್ವು. ಮಾಮುಗ ಹೇಳೂಕಿಂತ ಮದಲ ನನ್ನೊಂದು ಮಾತು ಕೇಳಬೇಕಿತ್ತವಾ."

ಮೂರು ದಿನ ಎದುರಿಗೇ ಕುಂತಿದ್ರೂ ಮೆಹನಾಜ್ ಬೂದೆಮ್ಮನ್ನ ಕೇಳಿದ್ದು ಒಂದೇ ಮಾತು, ವಯಸ್ಸೆಷ್ಟು ಅಂತ.