ನೆಲ ಮುಟ್ಟದ ಮೆಟ್ಟಿಲು

"ಗುರುತು ಹಾಕಿದೀನಲ್ಲ ಅಕ್ಕ, ನೆಲಕ್ಕೆ ನಾಲ್ಕು ತೂತು ಕೊರಿ, ಅಟ್ಟದ ಮೆಟ್ಟಿಲು ನಿಲ್ಲಿಸು. ಇದಕ್ಕೂ ಪಂಚಾಯ್ತಿ ಬೇಕಾ?" ಗುತ್ತಿಗೆದಾರ ಸಾಂಗ್‌ಬೆ ಕೈಯಲ್ಲಿದ್ದ ನಕ್ಷೆ ಝಾಡಿಸಿದ.

ಬಡಗಿ ಮಲ್ಸುಕ್ ಡ್ರಿಲ್ಲು ಮುಟ್ಟಲಿಲ್ಲ. ಬುನ್ನ್ಯೊ ಅಜ್ಜಿಯ ಮನೆಯ ನೆಲದಡಿ, ಮನೆ ಬೆಚ್ಚಗಿಡುವ ಬಿಸಿನೀರಿನ ಕೊಳವೆಗಳಿವೆ. ಆನ್‌ದೋಂಗ್ ಊರಿನ ಜನವರಿ ಚಳಿಯಲ್ಲಿ ಅಜ್ಜಿ ಉಣ್ಣುವುದು, ಮಲಗುವುದು ಆ ನೆಲದ ಮೇಲೆ. ತಡವಾಗಿ ಮನೆಗೆ ಬರುವವರ ಅನ್ನದ ಬಟ್ಟಲು ದುಪ್ಪಟಿಯಡಿ ಬೆಚ್ಚಗಿರುವುದೂ ಅಲ್ಲೇ. ಮೂರು ವರ್ಷದ ಹಿಂದೆ ಮಲ್ಸುಕ್ ಇಂಥದೇ ನಕ್ಷೆ ನಂಬಿ ಒಂದು ಮನೆಯ ಕೊಳವೆಗೆ ತೂತು ಹಾಕಿದ್ದಳು. ನೆಲ ಅಗೆದು ಸರಿಮಾಡಲು ಒಂಬತ್ತು ದಿನ ಹಿಡಿಯಿತು. ಅಷ್ಟೂ ದಿನ ಆ ಮನೆಯ ಮುದುಕ ಕೋಟು ಹಾಕಿಕೊಂಡೇ ನಡುಗುತ್ತಾ ಮಲಗಿದ್ದ. ಆ ನಾಚಿಕೆ ಅವಳನ್ನು ಇನ್ನೂ ಬಿಟ್ಟಿಲ್ಲ.

"ಅಜ್ಜಿ, ಒಂದು ಹಳೇ ಬೆಡ್‌ಶೀಟು ಒದ್ದೆ ಮಾಡಿ ಕೊಡಿ. ಬಾಯ್ಲರ್ ಜೋರು ಮಾಡಿ."

"ಬಟ್ಟೆ ಒಣಗಿಸೋಕೆ ಕರೆಸಿದ್ನಾ ನಿನ್ನ?" ಎಂದು ಸಾಂಗ್‌ಬೆ ಕುಟುಕಿದ.

ಅರ್ಧ ಗಂಟೆಯಲ್ಲಿ, ನೆಲಕ್ಕೆ ಹಾಸಿದ ಬಟ್ಟೆಯ ಮೇಲೆ ಒಣಪಟ್ಟೆಗಳು ಮೂಡಿದವು. ಕೆಳಗೆ ಕೊಳವೆ ಇದ್ದಲ್ಲೆಲ್ಲ ಬೇಗ ಒಣಗಿತ್ತು. ಎರಡು ಪಟ್ಟೆಗಳು ನೇರ ಅವನ ಗುರುತುಗಳ ಮೇಲೇ ಹಾದಿದ್ದವು.

ಅವನ ಮುಖ ಕಪ್ಪಿಟ್ಟಿತು, ಜಂಭ ಮಾತ್ರ ಇಳಿಯಲಿಲ್ಲ. "ಹಾಗಾದ್ರೆ ನಾಲ್ಕು ಬೆರಳು ಆಚೆ ಕೊರಿ. ಆಗಲ್ವಾ, ಗಂಟುಮೂಟೆ ಕಟ್ಟು. ಬೇರೆಯವ್ರನ್ನ ಕರೀತೀನಿ."

"ಬಟ್ಟೆ ಹೇಳೋದು ಅಂದಾಜು. ಅಂದಾಜು ನಂಬ್ಕೊಂಡು ಇನ್ನೊಬ್ರನ್ನ ಚಳೀಲಿ ಮಲಗಿಸಲ್ಲ ನಾನು." ಮಲ್ಸುಕ್ ಗುರುತುಗಳ ಮೇಲೇ ಚಕ್ಕಳಮಕ್ಕಳ ಹಾಕಿ ಕೂತಳು. "ಕೊರೀಲೇಬೇಕಾ? ಮೊದ್ಲು ನನ್ನ ಕೊರಿ."

"ಮತ್ತೆ ಮೆಟ್ಟಿಲೇನು ಗಾಳೀಲಿ ನಿಲ್ಲುತ್ತಾ?"

"ಹೂಂ, ನಿಲ್ಲುತ್ತೆ!"

ನಿಂತೇಬಿಟ್ಟಿತು. ಒಂದು ಬದಿಯನ್ನು ಗೋಡೆಗೆ ಬಿಗಿದಳು, ಇನ್ನೊಂದನ್ನು ಅಟ್ಟದ ತೊಲೆಯಿಂದ ಕಬ್ಬಿಣದ ಸರಳುಗಳಲ್ಲಿ ತೂಗುಹಾಕಿದಳು. ಎರಡು ದಿನದ ಕೆಲಸ. ಕೆಳಗಿನ ಮೆಟ್ಟಿಲು ನೆಲದಿಂದ ಒಂದು ಗೇಣು ಮೇಲೇ ಉಳಿಯಿತು, ನೆಲಕ್ಕೆ ಒಂದು ಮೊಳೆಯೂ ತಗುಲಲಿಲ್ಲ. ಸಾಂಗ್‌ಬೆ ಬೇಕೆಂದೇ ಹತ್ತಿ ದಬದಬ ಕುಣಿದ. ಮೆಟ್ಟಿಲು ಕಿರ್ರೆನ್ನಲಿಲ್ಲ.

ಅಜ್ಜಿ ಮುಚ್ಚಳದ ಬಟ್ಟಲಲ್ಲಿ ಬಿಸಿ ಅನ್ನ ತಂದು, ಆ ಗೇಣುದ್ದದ ಸಂದಿಗೆ ತಳ್ಳಿ ದುಪ್ಪಟಿ ಮುಚ್ಚಿದಳು.

"ಯಾರಿಗಜ್ಜಿ?" ಸಾಂಗ್‌ಬೆ ಆಸೆಯಿಂದ ಕೇಳಿದ.

"ನನ್ನ ನೆಲ ಉಳಿಸಿದವಳಿಗೆ. ಸಾಮಾನು ಕಟ್ಕೊಂಡು ಬಂದು ಉಣ್ಲಿ. ನೀನು ನಿನ್ನ ನಕ್ಷೆ ಹಾಸ್ಕೊಂಡು ಮಲ್ಕೋ, ಬೆಚ್ಚಗಿರುತ್ತಾ ನೋಡು."